ಗೂಡುಪೆಟ್ಟಿಗೆ ಕಟ್ಟಿದರೂ ಹಕ್ಕಿ ಬರಲಿಲ್ಲವೇಕೆ?

ಪ್ರಶ್ನೆ: ದೇವನಹಳ್ಳಿ ಹತ್ತಿರ ಒಂದೂವರೆ ಎಕರೆ ಮಾವು, ಸೀಬೆ ತೋಟವಿದೆ. ಹುಳ ತಿನ್ನುವ ಹಕ್ಕಿಗಳು ಬರಲೆಂದು ಹೋದ ಏಪ್ರಿಲ್‌ನಲ್ಲಿ ಆರು ಪ್ಲೈವುಡ್ ಪೆಟ್ಟಿಗೆ ತಂದು ಕೊಂಬೆಗಳಿಗೆ ಹಗ್ಗದಲ್ಲಿ ನೇತುಹಾಕಿದೆವು. ಒಂದರಲ್ಲಿ ಗೊರವಂಕ, ಇನ್ನೊಂದರಲ್ಲಿ ಇರುವೆ. ಉಳಿದವು ಖಾಲಿ. ಎಲ್ಲಿ ತಪ್ಪಿದೆವು?

ಉತ್ತರ: ಮೊದಲು ಪೆಟ್ಟಿಗೆಯ ಬಾಯಿ ಅಳೆಯಿರಿ. ಯಾವ ಹಕ್ಕಿ ಬರಬಹುದು ಎನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ಎಲೆಗಳ ಅಡಿಯಿಂದ ಹುಳ ಹೆಕ್ಕುವ ಚೇಕಡಿ ಹಕ್ಕಿಗೆ 3 ಸೆಂ.ಮೀ. ತೂತು ಸಾಕು, ಗೊರವಂಕ ಅದರಲ್ಲಿ ತೂರಲಾರದು. ಒಳಗಿನ ತಳ 12×12 ಸೆಂ.ಮೀ., ಎತ್ತರ 25. ತೂತು ತಳದಿಂದ 15 ಸೆಂ.ಮೀ. ಮೇಲಿರಲಿ, ಕೆಳಗಿದ್ದರೆ ಬೆಕ್ಕು ಕೈಹಾಕಿ ಮರಿ ಎಳೆಯುತ್ತದೆ. ಮಡಿವಾಳ ಹಕ್ಕಿಗೆ 5 ಸೆಂ.ಮೀ. ತೂತು, 15×15 ತಳ, 30 ಎತ್ತರ ಬೇಕು. ಅದಕ್ಕೆ ಗೊರವಂಕವೂ ನುಗ್ಗುತ್ತದೆ, ಹಾಗಾಗಿ ನಾಲ್ಕು ಪೆಟ್ಟಿಗೆ ಚೇಕಡಿಗೇ ಮೀಸಲಿಡಿ.

ಪ್ಲೈವುಡ್ ಒಂದೆರಡು ಮಳೆಗಾಲಕ್ಕೇ ಪದರ ಬಿಡುತ್ತದೆ. 18–20 ಮಿ.ಮೀ. ದಪ್ಪದ ಹಲಗೆ ತಂದು ಮಾಡಿಸಿ. ಒಳಗೆ ಬಣ್ಣ, ವಾರ್ನಿಷ್ ಬೇಡ. ಬಡಗಿಗಳು ಹಲಗೆಯನ್ನು ಎರಡೂ ಕಡೆ ಕೀಸಿ ನುಣುಪು ಮಾಡಿಬಿಡುತ್ತಾರೆ. ನುಣುಪು ಹಲಗೆ ಹತ್ತಲಾಗದೆ ಮರಿಗಳು ಒಳಗೇ ಸಾಯುತ್ತವೆ. ಬಾಯಿಯ ಕೆಳಗೆ ಒಳಮೈಗೆ ಗರಗಸದಿಂದ ಬೆರಳಗಲಕ್ಕೊಂದರಂತೆ ಅಡ್ಡ ಗೀರು ಹಾಕಿಸಿ, ಅದೇ ಅವುಗಳ ಏಣಿ. ತಳದ ನಾಲ್ಕು ಮೂಲೆಗೂ 6 ಮಿ.ಮೀ. ತೂತು, ಚಾವಣಿ ಮುಂದಕ್ಕೆ 5 ಸೆಂ.ಮೀ. ಚಾಚಿರಲಿ. ಹೊರಗೆ ಕೂರುವ ಕಡ್ಡಿ ಇದ್ದರೆ ಕಿತ್ತುಹಾಕಿ, ಅದು ಹಕ್ಕಿಗಿಂತ ಕಾಗೆಗೇ ಅನುಕೂಲ.

ತೂಗಾಡುವ ಪೆಟ್ಟಿಗೆಯನ್ನು ಈ ಹಕ್ಕಿಗಳು ನಂಬುವುದಿಲ್ಲ. ಮೂರು ಮೀಟರ್ ಎತ್ತರದಲ್ಲಿ, ನೆರಳಿನ ಕಾಂಡಕ್ಕೆ ಒತ್ತಿಟ್ಟು ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ. ತಂತಿ ಕಟ್ಟಿದರೆ ತೊಗಟೆ ಕೊರೆಯುತ್ತದೆ. ಬಾಯಿ ಪೂರ್ವಕ್ಕೋ ಈಶಾನ್ಯಕ್ಕೋ ಇರಲಿ. ಪಡುವಣಕ್ಕಿದ್ದರೆ ಮಧ್ಯಾಹ್ನದ ಬಿಸಿಲು, ಜೂನ್ ಮಳೆಯ ಎರಚಲು ಎರಡೂ ಒಳಗೆ ಬರುತ್ತವೆ. ಏಪ್ರಿಲ್ ತಡವಾಯಿತು, ಡಿಸೆಂಬರ್ ಒಳಗೇ ಕಟ್ಟಿಬಿಡಿ.

ಇರುವೆಗೆ, ಕಾಂಡಕ್ಕೆ ಅಗಲವಾದ ಬಟ್ಟೆ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ. ತೊಗಟೆಗೆ ನೇರ ಹಚ್ಚಬಾರದು, ಪೆಟ್ಟಿಗೆಯ ಹತ್ತಿರವೂ ಬೇಡ. ರೆಕ್ಕೆಗೆ ಅಂಟಿದರೆ ಹಕ್ಕಿ ಹಾರಲಾರದು. ಪಕ್ಕದ ಮರದ ಕೊಂಬೆ ತಾಗುತ್ತಿದ್ದರೆ ಸವರಿ, ಇರುವೆಗೆ ಅದೇ ಸೇತುವೆ. ಗೂಡಿನಲ್ಲಿ ಮರಿಗಳಿರುವಷ್ಟು ದಿನ ಆ ಮರಕ್ಕೂ ಅಕ್ಕಪಕ್ಕದ ಮರಗಳಿಗೂ ಔಷಧಿ ಹೊಡೆಯಲೇಬೇಡಿ. ವಿಷ ತಾಗಿದ ಹುಳವನ್ನೇ ತಾಯಿ ಮರಿಗೆ ತಿನ್ನಿಸುತ್ತದೆ.

ಪ್ರಶ್ನೆ: ಪೆಟ್ಟಿಗೆಗೆ ಜೇನು ಬಂದು ಕೂತಿದೆ. ಹೊಗೆ ಹಾಕಿ ಓಡಿಸಬಹುದೇ? (ಕನಕಪುರ ರಸ್ತೆ)

ಉತ್ತರ: ಬೇಡ. ಪೊಟರೆಯಲ್ಲಿ ಕೂರುವುದು ತುಡುವೆ ಜೇನಿನ ಸ್ವಭಾವ. ಸೀಬೆ, ನಿಂಬೆ ಹೂವಿಗೆ ಅದರಿಂದ ಲಾಭವೇ. ಹಕ್ಕಿಗೆ ಬೇರೆ ಪೆಟ್ಟಿಗೆಯನ್ನು ದೂರದ ಮರಕ್ಕೆ ಕಟ್ಟಿ.

ಪ್ರಶ್ನೆ: ಕುಟ್ರು ಹಕ್ಕಿಗೆ ಎಷ್ಟು ಅಳತೆಯ ಪೆಟ್ಟಿಗೆ? (ಹೆಸರಘಟ್ಟ)

ಉತ್ತರ: ಕುಟ್ರು ಒಣಮರ ಕೊರೆದು ತಾನೇ ಗೂಡು ಮಾಡಿಕೊಳ್ಳುತ್ತದೆ. ತೋಟದಂಚಿನ ಒಣಕೊಂಬೆಯನ್ನು ಬುಡಕ್ಕೇ ಕಡಿಯದೆ ಒಂದು ಮಾರು ಮೋಟು ಉಳಿಸಿ. ಅದು ಬಿಟ್ಟುಹೋದ ಪೊಟರೆಗೆ ಮುಂದೆ ಮಡಿವಾಳವೂ ಬರಬಹುದು.