ಬ್ರಸೆಲ್ಸ್‌ನ ಕಾನೂನು ಜರ್ಮನಿಯ ಆಸ್ಪತ್ರೆಯಲ್ಲಿ ನಡೆಯುತ್ತದಾ?

ಕದ್ರಿಯಿಂದ ಬರೆದ ತಂಗಿಗೆ,

ನೀನು ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತೇನೆ. ಜರ್ಮನಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಜರ್ಮನ್ ಭಾಷೆಯ ಬಿ2 ಪರೀಕ್ಷೆ ಪಾಸಾಗಿದೆ, ವೀಸಾ ಒಂದು ಬಾಕಿ ಅಂದಿದ್ದೀಯ. ತುಂಬ ಸಂತೋಷ. ನಿನ್ನ ಗೊಂದಲ ಇದು: ಅಲ್ಲಿ ಏನಾದರೂ ಅನ್ಯಾಯ ಆದರೆ ಬ್ರಸೆಲ್ಸ್‌ನಲ್ಲಿ ಆಗುವ ಯುರೋಪಿಯನ್ ಯೂನಿಯನ್ ಕಾನೂನನ್ನೇ ನೇರವಾಗಿ ತೋರಿಸಬಹುದು ಅಂತ ಒಬ್ಬರು ಹೇಳಿದ್ದಾರೆ. ಅದೆಲ್ಲ ಕಾಗದದಲ್ಲಿ ಮಾತ್ರ, ಜರ್ಮನಿಗೆ ಜರ್ಮನಿಯದ್ದೇ ಕಾನೂನು ಅಂತ ಇನ್ನೊಬ್ಬರು.

ಇಬ್ಬರದ್ದೂ ಅರ್ಧ ಸರಿ. ಆದರೆ ಎರಡನೆಯವರ ಮಾತು ನಂಬಿ ಸುಮ್ಮನೆ ಕೂರಬೇಡ. ಹಕ್ಕು ಉಂಟು ಅಂತ ಗೊತ್ತಿಲ್ಲದೆ ಕಳೆದುಕೊಂಡ ನಮ್ಮ ಕಡೆಯ ಹುಡುಗಿಯರನ್ನು ನಾನು ಜಾಸ್ತಿಯೇ ನೋಡಿದ್ದೇನೆ.

ಮೊದಲು ನಮ್ಮ ದೇಶದಲ್ಲಿ ಹೇಗೆ ನೋಡು. ಭಾರತ ಬೇರೆ ದೇಶಗಳ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಿ ಹಕ್ಕು ಕೇಳಲು ಆಗುವುದಿಲ್ಲ. ಸಂಸತ್ತು ಅದನ್ನು ಕಾಯ್ದೆ ಮಾಡಬೇಕು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಹತ್ತಿರದ ಕೆಂಜಾರಿನಲ್ಲಿ ಬಿದ್ದು 158 ಜನ ತೀರಿಕೊಂಡರು. ನೀನು ಆಗ ಚಿಕ್ಕವಳು, ಆದರೂ ಮನೆಯಲ್ಲಿ ಕೇಳಿರುತ್ತೀಯ. ಪರಿಹಾರದ ಮಾತು ಬಂದಾಗಲೆಲ್ಲ ಮಾಂಟ್ರಿಯಲ್ ಅನ್ನುವ, ವಿಮಾನ ಅಪಘಾತದ ಪರಿಹಾರದ ಅಂತರರಾಷ್ಟ್ರೀಯ ಒಪ್ಪಂದದ ಹೆಸರು ಬರುತ್ತಿತ್ತು. 1999ರ ಆ ಒಪ್ಪಂದ ಆ ಕುಟುಂಬಗಳ ನೆರವಿಗೆ ಬಂದದ್ದು, ಸಂಸತ್ತು 2009ರಲ್ಲಿ ನಮ್ಮ 1972ರ ವಿಮಾನ ಸಾಗಣೆ ಕಾಯ್ದೆಗೆ ತಿದ್ದುಪಡಿ ಮಾಡಿ ಅದನ್ನು ಒಳಗೆ ಸೇರಿಸಿದ್ದರಿಂದ. ಅದೇ ದುರಂತ ಎರಡು ವರ್ಷ ಮೊದಲು ಆಗಿದ್ದರೆ ಹಳೆಯ, ತೀರಾ ಕಡಿಮೆ ಮಿತಿಯ ಲೆಕ್ಕದಲ್ಲೇ ಆ ಮನೆಯವರು ಹೋರಾಡಬೇಕಾಗುತ್ತಿತ್ತು.

ಯುರೋಪಿಯನ್ ಯೂನಿಯನ್‌ನಲ್ಲಿ ನಡುವಿನ ಈ ಕಾಯುವಿಕೆ ಎಷ್ಟೋ ವಿಷಯಗಳಲ್ಲಿ ಇಲ್ಲ. ಅದು ಹೀಗಾದದ್ದು ಒಂದು ಸಣ್ಣ ಸುಂಕದ ಜಗಳದಿಂದ. ವಾನ್ ಗೆಂಡ್ ಎನ್ ಲೋಸ್ ಅನ್ನುವ ಡಚ್ ಸಾಗಣೆ ಕಂಪನಿ ಜರ್ಮನಿಯಿಂದ ಅಂಟಿಗೆ ಬಳಸುವ ರಾಸಾಯನಿಕ ತರಿಸಿತು. ಮೊದಲು ಶೇಕಡಾ 3 ಇದ್ದ ಸುಂಕವನ್ನು 8 ಮಾಡಿದ್ದರು. ಸದಸ್ಯ ದೇಶಗಳು ತಮ್ಮ ನಡುವೆ ಸುಂಕ ಏರಿಸಬಾರದು ಅಂತ, ಈ ಒಕ್ಕೂಟಕ್ಕೆ ತಳಹದಿಯಾದ ಒಪ್ಪಂದದಲ್ಲಿ ಇತ್ತು. ಆದರೆ ಡಚ್ ಸರ್ಕಾರ, ಒಪ್ಪಂದ ದೇಶದೇಶಗಳ ನಡುವಿನದ್ದು, ಅದರಲ್ಲಿ ಕಂಪನಿಗೇನು ಕೆಲಸ ಅಂತ ವಾದಿಸಿತು. 1963ರ ಫೆಬ್ರವರಿಯಲ್ಲಿ ಲಕ್ಸೆಂಬರ್ಗಿನಲ್ಲಿರುವ ಒಕ್ಕೂಟದ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಈ ಒಪ್ಪಂದ ಜನರಿಗೂ ಹಕ್ಕು ಕೊಟ್ಟಿದೆ, ಅದನ್ನು ಕಾಪಾಡುವುದು ಆಯಾ ದೇಶದ ಕೋರ್ಟಿನ ಕೆಲಸ ಅಂದಿತು. ಮರುವರ್ಷ ಮಿಲಾನಿನ ಕೋಸ್ಟಾ ಅನ್ನುವ ವಕೀಲರ ಕೇಸು ಬಂತು. ಕರೆಂಟ್ ಕಂಪನಿಯನ್ನು ಸರ್ಕಾರ ವಹಿಸಿಕೊಂಡದ್ದು ಒಪ್ಪಂದಕ್ಕೆ ವಿರುದ್ಧ, 1,925 ಲೀರಾದ ಬಿಲ್ ಕಟ್ಟುವುದಿಲ್ಲ ಅಂತ ಅವರು ಪಟ್ಟು ಹಿಡಿದಿದ್ದರು. ದೇಶದ ಕಾನೂನಿಗೂ ಯುರೋಪಿನ ಕಾನೂನಿಗೂ ತಾಕಲಾಟ ಬಂದರೆ ಯುರೋಪಿನದ್ದೇ ಮೇಲು ಅಂತ ಅದರಲ್ಲಿ ತೀರ್ಮಾನವಾಯಿತು.

ಹಾಗಂತ ಎಲ್ಲವೂ ನೇರ ಅಂದುಕೊಳ್ಳಬೇಡ. ನಿನ್ನಂಥವರ ದಿನದ ಬದುಕಿಗೆ ಮುಖ್ಯವಾದದ್ದು ಎರಡು ಬಗೆ, ರೆಗ್ಯುಲೇಷನ್ ಮತ್ತು ಡೈರೆಕ್ಟಿವ್.

ರೆಗ್ಯುಲೇಷನ್ ಬಂದರೆ ಬಂತು. ಯಾವ ದೇಶದ ಸಂಸತ್ತೂ ಅದನ್ನು ಮತ್ತೆ ಕಾಯ್ದೆ ಮಾಡಬೇಕಾಗಿಲ್ಲ. ವಿಮಾನ ಪ್ರಯಾಣಿಕರ ಪರಿಹಾರದ ರೆಗ್ಯುಲೇಷನ್ 261/2004 ಹಾಗೆಯೇ. ಫ್ರಾಂಕ್‌ಫರ್ಟಿನಿಂದ ಗಲ್ಫ್ ಮೂಲಕ ಮಂಗಳೂರಿನ ಬಜ್ಪೆಗೆ ಒಂದೇ ಟಿಕೆಟ್ ಮಾಡಿ, ವಿಮಾನ ಕಂಪನಿಯ ತಪ್ಪಿನಿಂದ ನಾಲ್ಕು ಗಂಟೆಗಿಂತ ಜಾಸ್ತಿ ತಡವಾಗಿ ತಲುಪಿದರೆ 600 ಯೂರೋ ಕೇಳಬಹುದು. ಪಾಸ್‌ಪೋರ್ಟ್ ಭಾರತದ್ದಾದರೂ ಅಡ್ಡಿಯಿಲ್ಲ. ಬಜ್ಪೆಯಿಂದ ಗಲ್ಫ್ ಕಂಪನಿಯಲ್ಲಿ ವಾಪಸ್ ಹೋಗುವಾಗ ಮಾತ್ರ ಇದು ಸಿಗುವುದಿಲ್ಲ.

ಡೈರೆಕ್ಟಿವ್ ಬೇರೆ. ಅದು ಗುರಿಯನ್ನೂ ಗಡುವನ್ನೂ ಕೊಡುತ್ತದೆ, ಕಾನೂನು ಮಾಡುವುದು ಆಯಾ ದೇಶ. ದೇಶ ಗಡುವು ಮೀರಿದರೆ, ಅಥವಾ ತಪ್ಪಾಗಿ ಮಾಡಿದರೆ? ಅದರಲ್ಲಿ ಸ್ಪಷ್ಟವಾಗಿ, ಷರತ್ತಿಲ್ಲದೆ ಬರೆದ ಹಕ್ಕನ್ನು ಸರ್ಕಾರದ ಎದುರು ನೇರವಾಗಿ ಕೇಳಬಹುದು. ನಮಗೆ ಬೇಕಾದ ಮಾತು ಇಲ್ಲಿದೆ, ಸ್ವಲ್ಪ ಗಮನ ಕೊಡು. ಆಗ ಒಕ್ಕೂಟದಲ್ಲೇ ಇದ್ದ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆ ವ್ಯವಸ್ಥೆಯಲ್ಲಿ ಮಾರ್ಷಲ್ ಅನ್ನುವ ಡಯಟಿಷಿಯನ್ ಇದ್ದರು. ಗಂಡಸರು 65ರ ತನಕ ಕೆಲಸ ಮಾಡಬಹುದಿತ್ತು, ಅವರನ್ನು 62ಕ್ಕೇ ಮನೆಗೆ ಕಳಿಸಿದರು. ಗಂಡು ಹೆಣ್ಣಿನ ಸಮಾನತೆಯ ಡೈರೆಕ್ಟಿವ್ ತೋರಿಸಿ 1986ರಲ್ಲಿ ಅವರು ಗೆದ್ದರು. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು: ಡೈರೆಕ್ಟಿವ್ ಅನ್ನು ಖಾಸಗಿ ಮಾಲೀಕನ ಮೇಲೆ ನೇರವಾಗಿ ಹೇರಲು ಬರುವುದಿಲ್ಲ. ಈ ವ್ಯತ್ಯಾಸ ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ರೋಗಿ ಅದೇ, ರಾತ್ರಿ ಪಾಳಿ ಅದೇ, ನರ್ಸಿನ ಹಕ್ಕು ಮಾತ್ರ ಆಸ್ಪತ್ರೆ ಯಾರದ್ದು ಅನ್ನುವುದರ ಮೇಲೆ ನಿಲ್ಲಬಾರದಿತ್ತು. ಕೋರ್ಟು ಆಮೇಲೆ ಒಂದಿಷ್ಟು ಸರಿ ಮಾಡಿತು. ಖಾಸಗಿ ಕೇಸಿನಲ್ಲೂ ನ್ಯಾಯಾಧೀಶರು ದೇಶದ ಕಾನೂನನ್ನು ಆದಷ್ಟು ಡೈರೆಕ್ಟಿವ್‌ಗೆ ಹೊಂದುವಂತೆ ಓದಬೇಕು. ಸರ್ಕಾರ ಕಾನೂನು ಮಾಡದೆ ನಷ್ಟವಾದರೆ ಸರ್ಕಾರವೇ ಪರಿಹಾರ ಕೊಡಬೇಕಾಗಬಹುದು ಅಂತ 1991ರಲ್ಲಿ ಹೇಳಿತು.

ರಜೆಯ ವಿಷಯದಲ್ಲಿ ಇನ್ನೂ ಮುಂದೆ ಹೋಗಿದೆ. ವರ್ಷಕ್ಕೆ ನಾಲ್ಕು ವಾರ ಸಂಬಳದ ರಜೆ ಅಲ್ಲಿ ಕಡ್ಡಾಯ. ಮ್ಯೂನಿಕ್ ನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದ ಶಿಮಿಜು ಅನ್ನುವ ಉದ್ಯೋಗಿಗೆ ಕೆಲಸ ಮುಗಿಯುವಾಗ 51 ದಿನ ರಜೆ ಬಾಕಿ ಇತ್ತು. ಅದರ ಹಣವನ್ನು ಸಂಸ್ಥೆ ಕೊಡುವುದಿಲ್ಲ ಅಂದಿತು. 2018ರ ನವೆಂಬರಿನಲ್ಲಿ ಲಕ್ಸೆಂಬರ್ಗ್ ಹೇಳಿದ್ದು: ನೌಕರ ಕೇಳಲಿಲ್ಲ ಅಂತ ಮಾತ್ರಕ್ಕೆ ರಜೆ ತಾನಾಗಿ ಹೋಗುವುದಿಲ್ಲ. ರಜೆ ತಗೊಳ್ಳಿ, ಇಲ್ಲದಿದ್ದರೆ ಹೋಗುತ್ತದೆ ಅಂತ ಮಾಲೀಕನೇ ಸರಿಯಾದ ಹೊತ್ತಿಗೆ ತಿಳಿಸಿರಬೇಕು. ಇದು ಖಾಸಗಿ ಮಾಲೀಕನಿಗೂ ಅನ್ವಯ, ಯಾಕೆಂದರೆ ರಜೆಯ ಹಕ್ಕು ಯೂನಿಯನ್‌ನ ಮೂಲಭೂತ ಹಕ್ಕುಗಳ ಪಟ್ಟಿಯಲ್ಲೇ ಇದೆ.

ಜರ್ಮನಿಯ ನಮ್ಮ ವಾರ್ಡಿನಲ್ಲಿ ಉಡುಪಿ ಕಡೆಯ ಹುಡುಗಿಯೊಬ್ಬಳಿಗೆ ಹೀಗೇ ಆಯಿತು. ಹಿಂದಿನ ವರ್ಷದ ರಜೆ ಮಾರ್ಚ್ ಕೊನೆಗೆ ಮುಗಿಯಿತು ಅಂತ ಆಫೀಸಿನಿಂದ ಎರಡು ಸಾಲಿನ ಮೇಲ್ ಬಂತು. ಊರಲ್ಲಿ ಅಣ್ಣನ ಮದುವೆಗೆಂದು ಕೂಡಿಟ್ಟ ರಜೆ ಅದು. ಅವಳು ಅಳುತ್ತಾ ನನ್ನ ಹತ್ತಿರ ಬಂದಳು. ಬೆಟ್ರೀಬ್ಸ್‌ರಾಟ್, ಅಂದರೆ ನೌಕರರ ಸಮಿತಿಯವರ ಹತ್ತಿರ ಇಬ್ಬರೂ ಹೋದೆವು. ಅವರು ಆಫೀಸಿಗೆ ಕೇಳಿದ್ದು ಒಂದೇ ಪ್ರಶ್ನೆ: ಇವರಿಗೆ ಮೊದಲೇ ತಿಳಿಸಿದ ಪತ್ರ ಎಲ್ಲಿದೆ? ಪತ್ರ ಇರಲಿಲ್ಲ. ಅದೇ ವಾರ ರಜೆ ವಾಪಸ್ ಬಂತು.

ನರ್ಸಿಂಗ್ ಸರ್ಟಿಫಿಕೇಟಿನ ಮಾನ್ಯತೆ, ಮುಂದೆ ಪೌರತ್ವ, ಇವೆರಡೂ ಜರ್ಮನಿಯದ್ದೇ ಕಾನೂನು. ಅಲ್ಲಿ ಬ್ರಸೆಲ್ಸ್ ಹೆಸರು ಹೇಳಿ ಪ್ರಯೋಜನ ಇಲ್ಲ.

ಕೊನೆಗೆ, ಕೆಲಸಕ್ಕೆ ಸೇರುವ ದಿನದ ವಿಷಯ. ಯುರೋಪಿನ ನಿಯಮದ ಪ್ರಕಾರ ವಾರದ ಕೆಲಸ ಸರಾಸರಿ 48 ಗಂಟೆ ದಾಟಬಾರದು. ಆಸ್ಪತ್ರೆಯೊಳಗೇ ಇದ್ದು ಕಾಯುವ ಡ್ಯೂಟಿ, ಮಲಗಲು ಮಂಚ ಕೊಟ್ಟರೂ, ಪೂರ್ತಿ ಇದರ ಲೆಕ್ಕಕ್ಕೆ ಸೇರುತ್ತದೆ. ಇದು 2003ರಲ್ಲಿ ಕೀಲ್ ನಗರದ ಆಸ್ಪತ್ರೆಯ ವೈದ್ಯರೊಬ್ಬರು ಗೆದ್ದುಕೊಟ್ಟದ್ದು. ಆದರೆ ನೀನೇ ಬರೆದು ಒಪ್ಪಿದರೆ 48 ದಾಟಿಸಬಹುದು. ಆ ಒಪ್ಪಿಗೆಯ ಹಾಳೆ ಬ್ಯಾಂಕ್ ಫಾರ್ಮು, ಲಾಕರ್ ಕೀಯ ರಸೀದಿಗಳ ಜೊತೆ ಬಂದರೂ ಬರಬಹುದು. ಸಹಿ ಹಾಕಲೇಬೇಕೆಂದಿಲ್ಲ, ಹಾಕದಿದ್ದರೆ ನಿನಗೆ ತೊಂದರೆ ಕೊಡುವಂತೆಯೂ ಇಲ್ಲ. ಓದಿ ಕೊಡುತ್ತೇನೆ ಅಂತ ಹೇಳಿ ಮನೆಗೆ ತೆಗೆದುಕೊಂಡು ಹೋಗು, ನನಗೆ ಫೋಟೋ ಕಳಿಸು. ನಾನು ಈ ತಿಂಗಳು ಪೂರ್ತಿ ಬಿಜೈಯಲ್ಲಿ ಅಮ್ಮನ ಜೊತೆ ಇರುತ್ತೇನೆ. ನಿನ್ನ ಒಪ್ಪಂದದ ಪ್ರತಿ ಈಗಲೇ ಇದ್ದರೆ ಹಿಡಿದುಕೊಂಡು ಬಾ, ಆಸ್ಪತ್ರೆ ಯಾರದ್ದು ಅಂತ ಒಟ್ಟಿಗೆ ನೋಡೋಣ.