ಬಿಲ್ ಎರಡು, ಕಂಬ ಒಂದೇ

ಪ್ರಶ್ನೆ: ಚಿಕ್ಕಮಗಳೂರಿನ ಹೊರಗೆ ನಮ್ಮದೊಂದು ಕಾಫಿ ಕ್ಯೂರಿಂಗ್ ಘಟಕವಿದೆ. ಎರಡು ಕಂಪನಿಗಳ ಫೈಬರ್ ತಂದು ಎರಡು ಲೈನ್ ಹಿಡಿಯುವ ಡ್ಯುಯಲ್ ವ್ಯಾನ್ ರೂಟರ್‌ಗೆ ಕೊಟ್ಟಿದ್ದೇವೆ. ಆದರೂ ಜುಲೈ ಗಾಳಿಮಳೆಯಲ್ಲಿ ಎರಡೂ ಒಟ್ಟಿಗೇ ಹೋಗುತ್ತವೆ. ಒಂದೇ ಹೋದಾಗಲೂ ರೂಟರ್ ಇನ್ನೊಂದಕ್ಕೆ ಬದಲಾಗುವುದಿಲ್ಲ. 220 ಮೀಟರ್ ದೂರದ ಗೋದಾಮಿಗೆ ಮಧ್ಯೆ ಎರಡು ಸ್ವಿಚ್ ಇಟ್ಟು ಕ್ಯಾಟ್ 6 ತಾಮ್ರದ ಕೇಬಲ್ ಎಳೆದಿದ್ದೇವೆ, ಸಿಡಿಲಿಗೆ ಸ್ವಿಚ್‌ಗಳು ಸುಡುತ್ತಲೇ ಇವೆ. ನಮಗೇ ಮೀಸಲಾದ ಲೀಸ್ಡ್ ಲೈನ್ ಹಾಕಿಸಿದರೆ ಸರಿಹೋದೀತೆ?

ಉತ್ತರ: ಲೀಸ್ಡ್ ಲೈನಿಗೆ ದುಡ್ಡು ಹಾಕುವ ಮೊದಲು, ಹೊಳವಾದ ಒಂದು ದಿನ ಗೇಟಿನಿಂದಾಚೆ ಒಂದು ಕಿಲೋಮೀಟರ್ ನಡೆದು ತಲೆ ಎತ್ತಿ ನೋಡಿ. ಎರಡೂ ಕೇಬಲ್ ಮೆಸ್ಕಾಂನ ಅದೇ ಕಂಬಗಳ ಮೇಲೆ ಜೋತುಬಿದ್ದಿದ್ದರೆ, ಒಂದು ಸಿಲ್ವರ್ ಮರ ಉರುಳಿದರೂ ಎರಡೂ ಕತ್ತರಿಸುತ್ತವೆ. ಲೀಸ್ಡ್ ಲೈನ್ ಅದೇ ದಾರಿಯಲ್ಲಿ ಬಂದರೆ ಅದರ ಗತಿಯೂ ಅಷ್ಟೇ. ಲೀಸ್ಡ್ ಲೈನ್ ಶೇ 99.5 ಸಮಯ ನಡೆಯುತ್ತದೆ ಎಂಬ ಖಾತರಿ ಕೇಳಲು ಚೆನ್ನ. 30 ದಿನಕ್ಕೆ 720 ಗಂಟೆಯಂತೆ ಲೆಕ್ಕ ಹಾಕಿದರೆ ತಿಂಗಳಿಗೆ 3.6 ಗಂಟೆ ನಿಂತರೂ ಅವರು ಮಾತು ತಪ್ಪಿದಂತಲ್ಲ. ಅದನ್ನೂ ಮೀರಿದರೆ ಸಾಮಾನ್ಯವಾಗಿ ಸಿಗುವುದು ಬಿಲ್ಲಿನಲ್ಲಿ ಕಡಿತ, ನೆಟ್ ಅಲ್ಲ. ಸಹಿ ಹಾಕುವ ಮೊದಲು ಕೇಬಲ್ ಬರುವ ದಾರಿಯ ನಕ್ಷೆ ಕೇಳಿ. ಟ್ರೇಸ್‌ರೂಟ್ ಎಂಬ ಪರೀಕ್ಷೆ ನೋಡಿ ದಾರಿ ಬೇರೆ ಎಂದು ನಂಬಬೇಡಿ. ಅದು ರೂಟರ್‌ಗಳನ್ನು ತೋರಿಸುತ್ತದೆಯೇ ಹೊರತು ಕಂಬಗಳನ್ನಲ್ಲ.

ನಿಮ್ಮ ಜಾಗದಲ್ಲಾದರೆ ಒಂದು ಫೈಬರ್ ಉಳಿಸಿಕೊಂಡು, ಎರಡನೆಯದರ ಬದಲು ಚಾವಣಿಯ ಮೇಲೆ ಹೊರ ಆಂಟೆನಾ ಇರುವ 4ಜಿ ರೂಟರ್ ಇಡುವುದು ಮೇಲು. ಯಾವ ಸಿಮ್ ಎಂಬುದನ್ನು ಮಳೆಯೇ ಹೇಳುತ್ತದೆ: ಮುಂದಿನ ಸಲ ಫೈಬರ್ ಹೋದಾಗ ಬೇರೆ ಬೇರೆ ಕಂಪನಿಯ ಮೊಬೈಲ್‌ಗಳಲ್ಲಿ ಡೇಟಾ ಓಡಿಸಿ ನೋಡಿ. ಸಿಗ್ನಲ್ ಕಡ್ಡಿ ಪೂರ್ತಿ ಇದ್ದೂ ಡೇಟಾ ಓಡದಿದ್ದರೆ, ಆ ಟವರಿಗೆ ಬರುವ ಫೈಬರೂ ನಿಮ್ಮದರ ಜೊತೆಗೇ ತುಂಡಾಗಿರುವ ಸಾಧ್ಯತೆ ಹೆಚ್ಚು. ಆ ಸಿಮ್ ಬೇಡ.

ರೂಟರ್ ಬದಲಾಗದಿರಲು ಕಾರಣ ಸರಳ. ರಸ್ತೆಯಲ್ಲಿ ಫೈಬರ್ ತುಂಡಾದರೂ ನಿಮ್ಮ ಗೋಡೆಯ ಮೇಲಿನ ಒಎನ್‌ಟಿಗೆ (ಫೈಬರ್ ಬಂದು ಸೇರುವ ಡಬ್ಬಿ) ಕರೆಂಟ್ ಇದೆ, ಅದರಿಂದ ರೂಟರಿಗೆ ಬರುವ ತಂತಿ ಜೀವಂತವಾಗಿದೆ. ಹಾಗಾಗಿ ರೂಟರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸೆಟ್ಟಿಂಗಿನಲ್ಲಿ ಹೊರಗಿನ ಎರಡು ವಿಳಾಸಗಳಿಗೆ, ಉದಾಹರಣೆಗೆ 8.8.8.8 ಮತ್ತು 1.1.1.1ಕ್ಕೆ, 5 ಸೆಕೆಂಡಿಗೊಮ್ಮೆ ಪಿಂಗ್ (‘ಇದ್ದೀರಾ?’ ಎಂಬ ಕೂಗು) ಹಾಕಿಸಿ. ಎರಡೂ ಸತತ 4 ಸಲ ಉತ್ತರಿಸದಿದ್ದರೆ ಬದಲಾಗಲಿ. ಫೈಬರ್ ಮರಳಿ ಬಂದು 3 ನಿಮಿಷ ಗಟ್ಟಿಯಾಗಿ ನಿಂತ ಮೇಲಷ್ಟೇ ವಾಪಸ್ ಹೋಗಲಿ. ಇಲ್ಲವಾದರೆ ಅರ್ಧ ತುಂಡಾದ ಕೇಬಲ್ ರೂಟರನ್ನು ಉಯ್ಯಾಲೆಯಂತೆ ತೂಗುತ್ತದೆ. ಈ ಪಿಂಗ್ ಆಯಾ ಲೈನಿನಿಂದಲೇ ಹೊರಡಬೇಕು ಎಂಬುದು ಮುಖ್ಯ. ಎರಡೂ ಲೈನಿಗೆ ಕೆಲಸ ಹಂಚುವ ಲೋಡ್ ಬ್ಯಾಲೆನ್ಸಿಂಗ್ ಹಾಕಿದ್ದರೆ ತೆಗೆಯಿರಿ: ಒಂದು ಕ್ಲಿಕ್ ಒಂದು ಐಪಿಯಿಂದ, ಮತ್ತೊಂದು ಕ್ಲಿಕ್ ಇನ್ನೊಂದರಿಂದ ಹೋದರೆ ಬ್ಯಾಂಕಿನ ಸೈಟು ಅರ್ಧದಲ್ಲೇ ಲಾಗ್‌ಔಟ್ ಮಾಡಿಬಿಡಬಹುದು.

ಲೈನ್ ಪೂರ್ತಿ ಹೋಗದೆ ಮಳೆಯಲ್ಲಿ ಮಾತ್ರ ಕುಂಟಿದರೆ ಬ್ರೌಸರಿನಲ್ಲಿ ತೆರೆಯುವ ಒಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿ ಬೆಳಕಿನ ಮಟ್ಟ ನೋಡಿ. -20 ಡಿಬಿಎಂ ಆಸುಪಾಸು ಆರಾಮ, -27 ಅಂಚು. ಬಿಸಿಲಲ್ಲಿ -21 ಇದ್ದದ್ದು ಮಳೆಯಲ್ಲಿ -26ಕ್ಕೆ ಇಳಿದರೆ ಎಲ್ಲೋ ಜಾಯಿಂಟ್ ಡಬ್ಬಿಗೆ ನೀರು ನುಗ್ಗಿದೆ, ಇಲ್ಲವೇ ಕೊಂಬೆ ಕೇಬಲನ್ನು ಬಗ್ಗಿಸಿದೆ. ಎರಡು ದಿನದ ಈ ಅಂಕಿ ಬರೆದಿಟ್ಟು ದೂರು ಕೊಡಿ, ‘ಮೋಡೆಮ್ ಆಫ್ ಮಾಡಿ ಆನ್ ಮಾಡಿ’ ಎಂಬ ಸಲಹೆ ಅಲ್ಲಿಗೆ ನಿಲ್ಲುತ್ತದೆ.

ಇನ್ನು ಗೋದಾಮು. ಕ್ಯಾಟ್ 6ರ ಮಿತಿ 100 ಮೀಟರ್; ಮಧ್ಯೆ ಸ್ವಿಚ್ ಇಟ್ಟು ಅದನ್ನು ದಾಟಬಹುದು, ಸಿಡಿಲನ್ನು ದಾಟಲಾಗದು. ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು, ಅದಕ್ಕೆ ಸಿಗುವ ಸುಲಭದ ದಾರಿ ನಿಮ್ಮ ತಾಮ್ರದ ತಂತಿ. ಅದನ್ನು ಪೂರ್ತಿ ಕಿತ್ತುಹಾಕಿ. ಲೋಹದ ಕವಚವಿಲ್ಲದ 4 ಕೋರ್ (ಎಳೆ) ಸಿಂಗಲ್ ಮೋಡ್ ಫೈಬರನ್ನು ಎಚ್‌ಡಿಪಿಇ ಪೈಪಿನೊಳಗೆ ಹೂಳಿಸಿ, ಎರಡೂ ತುದಿಯ ಸ್ವಿಚ್‌ಗೆ 1 ಗಿಗಾಬಿಟ್‌ನ ಎಲ್‌ಎಕ್ಸ್ ಎಸ್‌ಎಫ್‌ಪಿ (ಫೈಬರನ್ನು ಸ್ವಿಚ್‌ಗೆ ಜೋಡಿಸುವ ಚಿಕ್ಕ ಮಾಡ್ಯೂಲ್) ಹಾಕಿ. ಎರಡು ಕೋರ್ ಬಳಕೆಗೆ, ಎರಡು ಆಪತ್ತಿಗೆ. ಲಿಂಕ್ ದೀಪ ಹತ್ತದಿದ್ದರೆ ಗಾಬರಿ ಬೇಡ, ಒಂದು ತುದಿಯಲ್ಲಿ ಎರಡು ಕನೆಕ್ಟರ್ ಅದಲುಬದಲು ಮಾಡಿ ನೋಡಿ. ಗೋದಾಮಿನ ಸ್ವಿಚ್ ಮುಚ್ಚಿದ ರ‍್ಯಾಕಿನಲ್ಲಿರಲಿ. ಕಾಫಿ ಬೀಜದ ಪಾರ್ಚ್‌ಮೆಂಟ್ ಹೊಟ್ಟಿನ ಧೂಳು ಕನೆಕ್ಟರ್ ತುದಿಗೆ ಕೂತರೆ ಬೆಳಕು ಮಂಕಾಗುತ್ತದೆ.

ಪ್ರಶ್ನೆ: ಹಾಸನದ ನಮ್ಮ ಸಗಟು ಅಂಗಡಿಯ ಟ್ಯಾಲಿ ಲೆಕ್ಕದ ಸಾಫ್ಟ್‌ವೇರನ್ನು ಅರಸೀಕೆರೆ ಶಾಖೆಯಿಂದ, ರಿಮೋಟ್ ಡೆಸ್ಕ್‌ಟಾಪಿಗೆ ಪೋರ್ಟ್ ಫಾರ್ವರ್ಡ್ ಮಾಡಿ (ರೂಟರಿನಲ್ಲಿ ಹೊರಗಿನವರಿಗೆ ಬಾಗಿಲು ತೆರೆದು) ಬಳಸುತ್ತಿದ್ದೆವು. ಇಂಟರ್ನೆಟ್ ಕಂಪನಿ ಬದಲಿಸಿದ ಮೇಲೆ ನಿಂತುಹೋಗಿದೆ.

ಉತ್ತರ: ಹಾಸನದ ರೂಟರಿನ ವ್ಯಾನ್ ಐಪಿ (ಹೊರಬದಿಯ ವಿಳಾಸ) ನೋಡಿ. 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಹಲವರಿಗೆ ಒಂದೇ ವಿಳಾಸ ಹಂಚುವ ಕಂಪನಿಯ ನ್ಯಾಟ್‌ನ ಹಿಂದೆ ಇದ್ದೀರಿ, ಹೊರಗಿನಿಂದ ಯಾರೂ ನಿಮ್ಮ ಬಾಗಿಲು ತಟ್ಟಲಾರರು. ಹಾಸನಕ್ಕೆ ಮಾತ್ರ ಹೊರಗಿನಿಂದ ಕಾಣುವ, ಬದಲಾಗದ ಸ್ಟ್ಯಾಟಿಕ್ ಪಬ್ಲಿಕ್ ಐಪಿ ಕೇಳಿ ಪಡೆಯಿರಿ. ಆದರೆ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ಮತ್ತೆ ತೆರೆಯಬೇಡಿ, ಡೇಟಾಕ್ಕೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ನುಗ್ಗುವ ಹೆಬ್ಬಾಗಿಲು ಅದು. ಎರಡೂ ಕಡೆ ವೈರ್‌ಗಾರ್ಡ್ ವಿಪಿಎನ್ (ಎರಡು ಜಾಗದ ನಡುವಿನ ಗುಪ್ತ ಸುರಂಗ) ಹಾಕಿ, ಸುರಂಗ ಮುಚ್ಚದಂತೆ ಅರಸೀಕೆರೆಯಲ್ಲಿ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ಟ್ಯಾಲಿಯ ಡೇಟಾ ಫೋಲ್ಡರನ್ನೇ ವಿಪಿಎನ್ ಮೇಲೆ ಶೇರ್ ಮಾಡಿದರೆ ಅದು ತೆವಳುತ್ತದೆ, ನಡುವೆ ಲಿಂಕ್ ಕಡಿದರೆ ಡೇಟಾ ಕೆಡಲೂಬಹುದು. ವಿಪಿಎನ್ ಒಳಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಬಳಸಿ. ಎರಡೂ ಕಡೆ 192.168.1 ಸಾಲಿನ ವಿಳಾಸವೇ ಇದ್ದರೆ ವಿಪಿಎನ್ ಹಸಿರು ತೋರಿಸಿಯೂ ಏನೂ ತೆರೆಯದು. ಯಂತ್ರಗಳು ಕಡಿಮೆ ಇರುವ ಶಾಖೆಯನ್ನು 192.168.20ಕ್ಕೆ ಬದಲಿಸಿ, ಕೈಯಿಂದ ಐಪಿ ಕೊಟ್ಟ ಬಿಲ್ ಪ್ರಿಂಟರ್ ಇದ್ದರೆ ಅದಕ್ಕೂ ಹೊಸ ವಿಳಾಸ ಕೊಡಿ.