ನನ್ನ ತಕರಾರು ‘ಕೊಟ್ಟಿತು’ ಅನ್ನುವ ಮಾತಿನ ಮೇಲೆ

ಓದುಗರೊಬ್ಬರ ಪತ್ರದಿಂದ: ‘ಯುದ್ಧದಲ್ಲಿ ಸೋತ ಜಪಾನ್, ಜರ್ಮನಿಗಳಿಗೆ ಅಮೆರಿಕ ಪ್ರಜಾಪ್ರಭುತ್ವ ಕೊಟ್ಟಿತು. ಅಲ್ಲಿ ಅದು ಬೇರು ಬಿಟ್ಟಿತು. 1952ರಲ್ಲಿ ಅಮೆರಿಕನ್ನರು ಜಪಾನನ್ನು ಜಪಾನೀಯರಿಗೆ ಒಪ್ಪಿಸಿ ಹೊರಟರು. ಇರಾಕ್, ಅಫ್ಘಾನಿಸ್ತಾನಕ್ಕೂ ಅದನ್ನೇ ಕೊಟ್ಟಿತು. ಅಲ್ಲಿ ನಿಲ್ಲಲಿಲ್ಲ. ತಪ್ಪು ಕೊಟ್ಟವರದಲ್ಲ, ಆ ಜನರದು. ಕೆಲವರಿಗೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲ ಎಂದು ಒಪ್ಪಲು ನಿಮಗೇಕೆ ಕಷ್ಟ?’

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹೇಳಬೇಕಾದ್ದನ್ನು ಸುತ್ತುಬಳಸದೆ ಹೇಳಿದ್ದೀರಿ. ಇಂಥ ಪತ್ರ ಬರೆಯುವವರು ಕಡಿಮೆಯಾಗಿದ್ದಾರೆ. ಆದರೆ ‘ಕೊಟ್ಟಿತು’ ಎಂಬ ಮಾತು ನಿಮ್ಮ ಪತ್ರದಲ್ಲಿ ಮತ್ತೆ ಮತ್ತೆ ಬರುತ್ತದೆ. ನನ್ನ ತಕರಾರೆಲ್ಲ ಅದರ ಮೇಲೆಯೇ.

ನಿಮ್ಮ ಕಡೆ ಇರುವ ನಿಜವನ್ನು ಮೊದಲು ಒಪ್ಪುತ್ತೇನೆ. ಸೋಲದೆ ಜಪಾನಿನ ಸೇನಾನಾಯಕರು ಅಧಿಕಾರ ಬಿಡುತ್ತಿರಲಿಲ್ಲ. 1946ರ ಫೆಬ್ರವರಿಯಲ್ಲಿ, ಸೋತ ಜಪಾನಿನ ಆಡಳಿತ ನೋಡುತ್ತಿದ್ದ ಅಮೆರಿಕದ ಜನರಲ್ ಮ್ಯಾಕಾರ್ಥರ್ ಕಚೇರಿಯವರು ಒಂದು ವಾರದ ಆಸುಪಾಸಿನಲ್ಲಿ ಸಂವಿಧಾನದ ಕರಡು ಬರೆದು ಮುಗಿಸಿದ್ದೂ ನಿಜ. ಹೆಣ್ಣುಮಕ್ಕಳ ಸಮಾನತೆಯ ವಿಧಿಯ ಕರಡು ಬರೆದ, ಅದೇ ಕಚೇರಿಯ ಬಿಯಾಟೆ ಸಿರೋಟಾಗೆ ಆಗ ಬರೀ 22 ವರ್ಷ.

ಆದರೆ ಆ ಒಂದು ವಾರದ ಹಿಂದೆ ಏನಿತ್ತು ಅಂತ ಕೇಳಬೇಕಲ್ವಾ?

1945ರ ಡಿಸೆಂಬರಿನಲ್ಲಿಯೇ ಜಪಾನಿನ ಸಂವಿಧಾನ ವಿದ್ವಾಂಸ ಸುಜುಕಿ ಯಾಸುಜೋ ಮತ್ತು ಗೆಳೆಯರು ತಮ್ಮದೇ ಕರಡನ್ನು ಪ್ರಕಟಿಸಿದ್ದರು. ಅಧಿಕಾರ ಜನರಿಂದಲೇ ಬರಬೇಕು ಎನ್ನುವ ಕರಡು ಅದು. ಮ್ಯಾಕಾರ್ಥರ್ ಕಚೇರಿಯವರು ಅದನ್ನು ತರಿಸಿ ಓದಿದರು. ಈ ಸುಜುಕಿ, ಹಿಂದಿನ ಶತಮಾನದಲ್ಲಿ ಜನರ ಹಕ್ಕುಗಳಿಗಾಗಿ ಹೋರಾಡಿದ ಉಎಕಿ ಎಮೋರಿಯ ಬರಹಗಳನ್ನು ಹುಡುಕಿ ಹುಡುಕಿ ಅಭ್ಯಾಸ ಮಾಡಿದವರು. ಉಎಕಿ ತನ್ನ ಸಂವಿಧಾನದ ಕರಡು ಬರೆದದ್ದು 1881ರಲ್ಲಿ. ಅದೇ ವರ್ಷ, ಟೋಕಿಯೋ ಪಕ್ಕದ ಬೆಟ್ಟದ ಊರು ಇತ್ಸುಕೈಚಿಯಲ್ಲಿ, ಚಿಬಾ ತಕುಸಬುರೋ ಎಂಬ ಶಾಲಾ ಮೇಷ್ಟ್ರು ಊರವರ ಜೊತೆ ಕೂತು ಚರ್ಚಿಸಿ 204 ವಿಧಿಗಳ ಸಂವಿಧಾನವೊಂದನ್ನು ಬರೆದರು. ಎರಡೇ ವರ್ಷಕ್ಕೆ ತೀರಿಕೊಂಡರು. ಅವರ ಕಾಗದ 1968ರವರೆಗೂ ಒಂದು ಮನೆತನದ ಹಳೇ ಉಗ್ರಾಣದಲ್ಲಿ ಬಿದ್ದಿತ್ತು. ಅದು ಸಿಕ್ಕಿದ ಕತೆಯನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ಶಾಲೆಯಲ್ಲಿ ‘ಮ್ಯಾಕಾರ್ಥರ್ ಕೊಟ್ಟ ಸಂವಿಧಾನ’ ಅಂತಲೇ ಕಲಿತವನು.

ಗೇಣಿದಾರರ ವಿಷಯ ನೋಡಿ. ಯುದ್ಧ ಮುಗಿದಾಗ ಜಪಾನಿನ ಸಾಗುವಳಿ ಭೂಮಿಯಲ್ಲಿ ಹತ್ತಿರ ಹತ್ತಿರ ಅರ್ಧ ಗೇಣಿಯದಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ನೂರಕ್ಕೆ ಹತ್ತರ ಹತ್ತಿರಕ್ಕೆ ಇಳಿಯಿತು. ಒತ್ತಡ ಹಾಕಿದ್ದು ಅಮೆರಿಕನ್ನರು, ನಿಜ. ಆದರೆ ಊರೂರಿನಲ್ಲಿ ಯಾರ ಹೊಲ ಯಾರಿಗೆ ಎಂದು ತೀರ್ಮಾನಿಸಿದ್ದು ಊರವರೇ ಆರಿಸಿದ ಸಮಿತಿಗಳು. ಒಂದೊಂದರಲ್ಲೂ ಐವರು ಗೇಣಿದಾರರು, ಮೂವರು ಭೂಮಾಲೀಕರು, ಇಬ್ಬರು ಸ್ವಂತ ಹೊಲದ ರೈತರು. ನಿನ್ನೆಯವರೆಗೂ ಒಡೆಯನ ಮುಂದೆ ತಲೆ ಬಗ್ಗಿಸಿ ನಿಲ್ಲುತ್ತಿದ್ದವನು ಅವನ ಎದುರೇ ಕೂತು ವಾದ ಮಾಡಿದ. ಪ್ರಜಾಪ್ರಭುತ್ವ ಅನ್ನುವುದು ಅಲ್ಲಿತ್ತು.

ಜರ್ಮನಿಯಲ್ಲೂ ಹೀಗೆಯೇ. ಶರಣಾಗಿ ಎಂಟು ತಿಂಗಳಾಗಿತ್ತು ಅಷ್ಟೆ. 1946ರ ಜನವರಿಯಲ್ಲಿ ಅಮೆರಿಕದ ಹಿಡಿತದಲ್ಲಿದ್ದ ವಲಯದ ಸಣ್ಣ ಸಣ್ಣ ಊರುಗಳಲ್ಲಿ ಚುನಾವಣೆ ನಡೆಸಿದರು. ಇಷ್ಟು ಬೇಗ ಬೇಡ ಎಂದವರ ಮಾತನ್ನು ಅಲ್ಲಿನ ಆಡಳಿತ ನೋಡುತ್ತಿದ್ದ ಅಮೆರಿಕದ ಜನರಲ್ ಕ್ಲೇ ಕೇಳಲಿಲ್ಲ. ಜರ್ಮನ್ನರಿಗೆ ವೋಟು ಹಾಕುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಹಿಟ್ಲರ್ ಬರುವ ಮೊದಲೇ ವೋಟು ಹಾಕಿ ಗೊತ್ತಿದ್ದವರು ಅವರು. ಹೊರಗಿನವರ ಕಣ್ಣು ಎಷ್ಟು ಮಂಜು ಎನ್ನುವುದಕ್ಕೂ ಅಲ್ಲೇ ಉದಾಹರಣೆ ಇದೆ. ನಾಜಿಗಳು 1933ರಲ್ಲಿ ತೆಗೆದುಹಾಕಿದ್ದ ಕಲೋನ್ ಮೇಯರ್ ಆಡೆನಾವರ್, 1945ರಲ್ಲಿ ಮತ್ತೆ ಮೇಯರ್ ಆದರು. ಅದೇ ವರ್ಷ, ಆ ಊರಿನ ಮೇಲೆ ಹಿಡಿತವಿದ್ದ ಬ್ರಿಟಿಷರು, ಕೆಲಸ ಸಾಲದು ಎಂದು ಅವರನ್ನು ತೆಗೆದರು. 1949ರಲ್ಲಿ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದವರು ಅವರೇ.

ಈಗ ಇರಾಕಿಗೆ ಬನ್ನಿ. 2003ರ ಮೇ ತಿಂಗಳ ಒಂದೇ ವಾರದೊಳಗೆ, ಇರಾಕನ್ನು ಆಳಲು ಅಮೆರಿಕ ನೇಮಿಸಿದ್ದ ಪಾಲ್ ಬ್ರೆಮರ್ ಎರಡು ಆದೇಶ ಹೊರಡಿಸಿದರು. ಒಂದು ಸದ್ದಾಂ ಹುಸೇನನ ಬಾತ್ ಪಕ್ಷದವರನ್ನು ಸರ್ಕಾರಿ ಕೆಲಸದಿಂದ ಹೊರಹಾಕಿತು. ಅದರಲ್ಲಿ ಸಾವಿರಾರು ಶಾಲಾ ಮೇಷ್ಟ್ರುಗಳೂ ಹೋದರು. ಇನ್ನೊಂದು ಸೈನ್ಯವನ್ನೇ ವಿಸರ್ಜಿಸಿತು. ಲಕ್ಷಾಂತರ ಗಂಡಸರು ಸಂಬಳವಿಲ್ಲದೆ, ಕೈಯಲ್ಲಿ ಬಂದೂಕಿಟ್ಟುಕೊಂಡು ಮನೆಗೆ ಹೋದರು. ಜೂನ್‌ನಲ್ಲಿ ನಜಾಫ್ ಊರಿನ ಜನ ತಮ್ಮ ಮೇಯರನ್ನು ಆರಿಸಲು ಹೊರಟಾಗ ಬ್ರೆಮರ್ ಆ ಚುನಾವಣೆಯನ್ನೂ ನಿಲ್ಲಿಸಿದರು. ಜರ್ಮನಿಯ ಹಳ್ಳಿಗೆ ಎಂಟು ತಿಂಗಳಿಗೇ ಚುನಾವಣೆ, ನಜಾಫಿಗೆ ಬೇಡ. ತಪ್ಪು ಆ ಜನರದ್ದು ಅಂತ ನೀವು ಹೇಗೆ ಹೇಳುತ್ತೀರಿ? ಇರಾಕಿನಲ್ಲಿ 1925ರಲ್ಲಿಯೇ ಸಂವಿಧಾನ, ಸಂಸತ್ತು ಇದ್ದವು. ಕುಂಟುತ್ತಿದ್ದವು, ಒಪ್ಪುತ್ತೇನೆ. ಆದರೆ ಇದ್ದವು.

ಅಫ್ಘಾನಿಸ್ತಾನದ 2004ರ ಸಂವಿಧಾನ ಜಿಲ್ಲಾ ಮಂಡಳಿಗಳಿಗೂ ಮೇಯರ್‌ಗಳಿಗೂ ಚುನಾವಣೆ ಎಂದಿತ್ತು. 2021ರ ಆಗಸ್ಟಿನಲ್ಲಿ ಕಾಬೂಲ್ ಬೀಳುವವರೆಗೂ ಆ ಚುನಾವಣೆಗಳು ನಡೆಯಲೇ ಇಲ್ಲ. ಪ್ರಾಂತ್ಯದ ಗವರ್ನರನ್ನು ನೇಮಿಸುತ್ತಿದ್ದುದು ಕಾಬೂಲ್‌ನಲ್ಲಿದ್ದ ಅಧ್ಯಕ್ಷರು. ಊರಿನವನಿಗೆ ತನ್ನ ಊರಿನ ಮೇಲೇ ಹಿಡಿತವಿರಲಿಲ್ಲ.

‘ಕೆಲವರಿಗೆ ಒಗ್ಗುವುದಿಲ್ಲ’ ಎಂದಿರಿ. ಬೇಸರ ಮಾಡಿಕೊಳ್ಳಬೇಡಿ, ಈ ಮಾತು ತುಂಬಾ ಹಳೆಯದು. ಟೋಕಿಯೋದಲ್ಲಿ ಹತ್ತು ವರ್ಷ ಅಮೆರಿಕದ ರಾಯಭಾರಿಯಾಗಿದ್ದ ಜೋಸೆಫ್ ಗ್ರೂ 1945ರಲ್ಲಿ ಅಧ್ಯಕ್ಷ ಟ್ರೂಮನ್‌ಗೆ ಜಪಾನಿನ ಬಗ್ಗೆ ಹೇಳಿದ್ದೂ ಇದನ್ನೇ. ಅಲ್ಲಿ ಪ್ರಜಾಪ್ರಭುತ್ವ ನಡೆಯುವುದಿಲ್ಲ ಎಂದು. ಮ್ಯಾಕಾರ್ಥರ್ ಕೂಡ 1951ರಲ್ಲಿ ಅಮೆರಿಕದ ಸೆನೆಟ್ ಮುಂದೆ ಜಪಾನೀಯರನ್ನು ಹನ್ನೆರಡು ವರ್ಷದ ಹುಡುಗನಿಗೆ ಹೋಲಿಸಿದರು. ಅವರನ್ನು ಅಷ್ಟು ಗೌರವಿಸಿದ್ದ ಜನಕ್ಕೆ ಆ ಮಾತು ಬಹಳ ನೋವು ಮಾಡಿತು.

ನನಗೆ ಸಿಟ್ಟು ಬರುವುದು ನಾವು ಚರಿತ್ರೆ ಹೇಳುವ ರೀತಿಗೇ. ಬಾಯಲ್ಲಿ ಪೈಪ್ ಕಚ್ಚಿದ ಜನರಲ್ ಮ್ಯಾಕಾರ್ಥರ್ ಫೋಟೊ ಎಲ್ಲರಿಗೂ ಗೊತ್ತು. ಚಿಬಾ ಮೇಷ್ಟ್ರು ಎಷ್ಟು ಜನಕ್ಕೆ ಗೊತ್ತು? 2005ರ ಜನವರಿಯಲ್ಲಿ ಜಗತ್ತಿನ ಪತ್ರಿಕೆಗಳು ಇರಾಕಿ ಮತದಾರರ ನೇರಳೆ ಬಣ್ಣದ ಬೆರಳನ್ನು ಮುಖಪುಟಕ್ಕೆ ಹಾಕಿದವು. ಆಮೇಲೆ ಆ ಊರುಗಳಲ್ಲಿ ನೀರು ಬಂತೇ, ನ್ಯಾಯಾಲಯ ತೆರೆಯಿತೇ ಅಂತ ಕೇಳಿಕೊಂಡು ಹೋದವರು ಎಷ್ಟು ಮಂದಿ? ಗೆದ್ದ ಸೈನ್ಯದ ಕತೆ ಜಾಸ್ತಿ ಓದುತ್ತೇವೆ. ಸೋತ ಊರಿನೊಳಗೆ ಏನು ನಡೆಯಿತು ಅನ್ನುವುದನ್ನು ಹುಡುಕಿ ಓದುವುದಿಲ್ಲ.

ಕೊನೆಗೆ ಒಂದು ತಿದ್ದುಪಡಿ. 1952ರಲ್ಲಿ ಅಮೆರಿಕನ್ನರು ಎಲ್ಲವನ್ನೂ ಒಪ್ಪಿಸಲಿಲ್ಲ. ಜಪಾನಿನ ದಕ್ಷಿಣದ ದ್ವೀಪ ಒಕಿನಾವಾ 1972ರವರೆಗೆ ಅವರ ಆಳ್ವಿಕೆಯಲ್ಲೇ ಇತ್ತು. ಅಷ್ಟೂ ವರ್ಷ ಅಲ್ಲಿಗೆ ಜಪಾನಿನ ಹೊಸ ಸಂವಿಧಾನ ಅನ್ವಯಿಸಲಿಲ್ಲ. ದ್ವೀಪದ ಆಡಳಿತದ ಮುಖ್ಯಸ್ಥರನ್ನೂ ಅವರೇ ನೇಮಿಸುತ್ತಿದ್ದರು. ಜನ ಪಟ್ಟು ಹಿಡಿದು ಹೋರಾಡಿದ ಮೇಲೆ, 1968ರಲ್ಲಿ, ಆ ಹುದ್ದೆಗೆ ಮೊದಲ ಸಲ ನೇರ ಚುನಾವಣೆ ನಡೆಯಿತು. ಗೆದ್ದವರು ಯರಾ ಚೋಬ್ಯೋ. ಅವರು ಅದಕ್ಕೂ ಮೊದಲು ಮೇಷ್ಟ್ರಾಗಿದ್ದರು.